ತೆರೆಯಾಚೆಯ ಬೋರಿಸ್ ಕಾರ್ಲಾಫ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಪ್ಪಟೆ ತಲೆ, ಕತ್ತಿನ ಎರಡೂ ಕಡೆ ಬೋಲ್ಟು, ಅರ್ಧ ಮುಚ್ಚಿದ ಕಣ್ಣು. 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರದ ರಾಕ್ಷಸ. ಹಳೇ ಹಾರರ್ ಸಿನಿಮಾ ನೋಡದವರಿಗೂ ಈ ಮುಖ ಗೊತ್ತು. ಆ ಮುಖದ ಹಿಂದೆ ಇದ್ದ ನಟ ಬೋರಿಸ್ ಕಾರ್ಲಾಫ್ ಗುಲಾಬಿ ಬೆಳೆಸುತ್ತಿದ್ದರು, ಹಂದಿ ಸಾಕಿದ್ದರು, ಕ್ರಿಕೆಟ್ ಆಡುತ್ತಿದ್ದರು, ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದರು. ಅವರನ್ನು ಪ್ರೀತಿಸುವವರೂ, ಈಗಷ್ಟೇ ಅವರ ಸಿನಿಮಾ ನೋಡಿದವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಸಿನಿಮಾಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಇಲ್ಲಿ ಮನುಷ್ಯನ ಬಗ್ಗೆಯೇ ಜಾಸ್ತಿ.

ಬೋರಿಸ್ ಕಾರ್ಲಾಫ್ ರಷ್ಯಾದವರಾ?

ಅಲ್ಲ. ಅಪ್ಪಟ ಲಂಡನ್ನಿನವರು. ಹುಟ್ಟು ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರ ನವೆಂಬರ್ 23ರಂದು ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ಫಾರೆಸ್ಟ್ ಹಿಲ್ ರಸ್ತೆಯಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳಲ್ಲಿ ಕೊನೆಯವರು. ತಾಯಿ ಬೇಗ ತೀರಿಕೊಂಡರು. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ ಒಡಹುಟ್ಟಿದವರೇ ಅವರನ್ನು ಬೆಳೆಸಿದರು.

ರಂಗಭೂಮಿಗೆ ಸೇರುವಾಗ, 1911ರ ಆಸುಪಾಸಿನಲ್ಲಿ, ಹೆಸರು ಬದಲಿಸಿಕೊಂಡರು. ಕಾರ್ಲಾಫ್ ಅನ್ನುವುದು ತಾಯಿಯ ಕಡೆಯ ಹಳೇ ಹೆಸರು ಎಂದು ಅವರು ಹೇಳುತ್ತಿದ್ದರು. ಮನೆತನದಲ್ಲಿ ಅಂಥ ಹೆಸರು ಇದ್ದದ್ದಕ್ಕೆ ಆಧಾರ ಸಿಕ್ಕಿಲ್ಲ ಎಂದು ಮುಂದೆ ಮಗಳು ಸಾರಾ ಕಾರ್ಲಾಫ್ ಹೇಳಿದರು. ಅಮೆರಿಕದಲ್ಲಿ ಅಷ್ಟು ವರ್ಷ ಬದುಕಿದರೂ ಪೌರತ್ವ ಬದಲಿಸಲಿಲ್ಲ, ಕೊನೆಯವರೆಗೂ ಬ್ರಿಟಿಷ್ ಪ್ರಜೆಯಾಗಿಯೇ ಉಳಿದರು.

ಅವರಿಗೆ ಭಾರತದ ನಂಟು ಇತ್ತು ಅನ್ನುತ್ತಾರೆ, ನಿಜವಾ?

ನಿಜ, ಅದೂ ರಕ್ತಸಂಬಂಧ. ತಂದೆ ಎಡ್ವರ್ಡ್ ಪ್ರ್ಯಾಟ್ ಬ್ರಿಟಿಷ್ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿ ಕೆಲಸ ಮಾಡಿದವರು. ಉಪ್ಪಿನ ತೆರಿಗೆ ಅಂದರೆ ನಮಗೆ ತಕ್ಷಣ ದಂಡಿಯೂ 1930ರ ಅಂಕೋಲೆಯ ಸತ್ಯಾಗ್ರಹವೂ ನೆನಪಾಗುತ್ತವೆ. ಜನ ಮುರಿದ ಆ ಕಾನೂನಿನ ಆಡಳಿತ ನಡೆಸುತ್ತಿದ್ದ ಇಲಾಖೆಯ ಸಂಬಳದಲ್ಲಿ, ಅದಕ್ಕೆ ದಶಕಗಳ ಹಿಂದೆ, ಈ ಕುಟುಂಬ ಬದುಕಿತ್ತು.

ತಾಯಿಯ ತಾಯಿ ಎಲೈಜಾ ಭಾರತದಲ್ಲೇ ಬೆಳೆದವರು. ಅವರ ತಂಗಿ ಆನಾ ಲಿಯೊನೊವೆನ್ಸ್ 1831ರಲ್ಲಿ ಅಹ್ಮದ್‌ನಗರದಲ್ಲಿ ಹುಟ್ಟಿದವರು. 1862ರಲ್ಲಿ ಸಯಾಮಿನ (ಈಗಿನ ಥಾಯ್ಲೆಂಡ್) ರಾಜನ ಅರಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದ ಆ ಪ್ರಸಿದ್ಧ ಟೀಚರ್ ಇವರೇ. ಅಂದರೆ ಆನಾ, ಕಾರ್ಲಾಫ್ ಅವರಿಗೆ ಅಜ್ಜಿಯ ತಂಗಿ. ಆನಾ ತಾನು ವೇಲ್ಸ್‌ನಲ್ಲಿ ಹುಟ್ಟಿದವಳು ಎಂದು ಹೇಳಿಕೊಂಡು ಬದುಕು ಕಳೆದರು. ಮನೆತನದಲ್ಲಿ ಭಾರತೀಯ ರಕ್ತ ಬೆರೆತಿದೆ ಎಂದು ಹೊರಗೆ ಹೇಳುವಂತಿರಲಿಲ್ಲ. ಆ ಕಾಲದಲ್ಲಿ ಅದು ಗೊತ್ತಾದರೆ ಮದುವೆ, ನೌಕರಿ, ಮರ್ಯಾದೆ ಎಲ್ಲಕ್ಕೂ ಪೆಟ್ಟು ಬೀಳುತ್ತಿತ್ತು.

ಕಾರ್ಲಾಫ್ ಅವರ ಮೈಬಣ್ಣ ಸ್ವಲ್ಪ ಗೋಧಿ ಬಣ್ಣವೇ. ಮೂಕಿ ಚಿತ್ರಗಳ ಕಾಲದಲ್ಲಿ ಅರಬ್, ಹಿಂದೂ, ಮೆಕ್ಸಿಕನ್ ಅಂತೆಲ್ಲ ಪಾತ್ರ ಸಿಗುತ್ತಿದ್ದದ್ದು ಆ ಬಣ್ಣದಿಂದಲೇ. ಕಾರಣವನ್ನು ಮಾತ್ರ ಅವರು ಎಲ್ಲೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಇದು ಮುಖ್ಯ ಅನ್ನಿಸುತ್ತದೆ. ಹೊರಗಿನವನಾಗಿ ಕಾಣುವುದು ಹೇಗಿರುತ್ತದೆ ಎಂದು ಅವರಿಗೆ ಮೇಕಪ್ ಹಾಕುವ ಮುಂಚೆಯೇ ಗೊತ್ತಿತ್ತು.

ಸಿನಿಮಾಕ್ಕೆ ಬರುವ ಮುಂಚೆ ಏನು ಮಾಡುತ್ತಿದ್ದರು?

ಎಲ್ಲವನ್ನೂ. ಅಣ್ಣಂದಿರು ಭಾರತದಲ್ಲಿ, ಚೀನಾದಲ್ಲಿ ಬ್ರಿಟಿಷ್ ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದರು. ಇವರೂ ಹಾಗೇ ಆಗಲಿ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿಸಿದರು. ಹುಡುಗನಿಗೆ ನಾಟಕದ ಹುಚ್ಚು. 1909ರಲ್ಲಿ ಓದು ಬಿಟ್ಟು ಕೆನಡಾಕ್ಕೆ ಹಡಗು ಹತ್ತಿಬಿಟ್ಟರು.

ಅಲ್ಲಿ ಹೊಲದಲ್ಲಿ ಕೂಲಿ ಮಾಡಿದರು, ಆಮೇಲೆ ಊರೂರು ಸುತ್ತುವ ನಾಟಕ ಕಂಪನಿ ಸೇರಿದರು. ನಾಟಕ ಇಲ್ಲದಾಗ ರೈಲ್ವೆಯಲ್ಲಿ ಸಾಮಾನು ಹೊತ್ತರು. 1912ರ ಜೂನ್ 30ರಂದು ಕೆನಡಾದ ರಿಜೈನಾ ಊರಿಗೆ ಭಾರೀ ಸುಂಟರಗಾಳಿ ಬಡಿದಾಗ ಅಲ್ಲೇ ಇದ್ದರು. ಅವಶೇಷ ತೆಗೆಯುವ ಕೆಲಸಕ್ಕೆ ಕೈಜೋಡಿಸಿದರು, ಸಂತ್ರಸ್ತರಿಗೆ ಹಣ ಕೂಡಿಸಲು ಒಂದು ಕಾರ್ಯಕ್ರಮವನ್ನೂ ನಡೆಸಿದರು. ಆಗ ಅವರ ಕೈಯಲ್ಲೇ ಕಾಸಿರಲಿಲ್ಲ.

ಹಾಲಿವುಡ್‌ಗೆ ಬಂದ ಮೇಲೂ ಪರಿಸ್ಥಿತಿ ಬೇಗ ಬದಲಾಗಲಿಲ್ಲ. ಸಣ್ಣಪುಟ್ಟ ಪಾತ್ರ, ಮಧ್ಯೆ ಲಾರಿ ಓಡಿಸುವ ಕೆಲಸ, ಮೂಟೆ ಇಳಿಸುವ ಕೆಲಸ. ಹೆಸರು ಬರುವ ಹೊತ್ತಿಗೆ ಸುಮಾರು 80 ಚಿತ್ರಗಳಲ್ಲಿ ಮುಖ ತೋರಿಸಿ ಆಗಿತ್ತು. ಮೂಕಿ ಯುಗದ ದೊಡ್ಡ ನಟ ಲಾನ್ ಚೇನಿ ಒಂದು ಸಂಜೆ ಕಾರು ನಿಲ್ಲಿಸಿ ಹತ್ತಿಸಿಕೊಂಡು, ಬೇರೆ ಯಾರಿಗೂ ಮಾಡಲಾಗದ್ದನ್ನು ಹುಡುಕಿಕೋ ಎಂದು ಬುದ್ಧಿ ಹೇಳಿದ್ದನ್ನು ಕಾರ್ಲಾಫ್ ಮುದಿತನದಲ್ಲೂ ನೆನೆಯುತ್ತಿದ್ದರು.

ಫ್ರಾಂಕನ್‌ಸ್ಟೈನ್ ಅನ್ನುವುದು ಆ ರಾಕ್ಷಸನ ಹೆಸರಾ?

ಅದು ಅವನನ್ನು ಸೃಷ್ಟಿಸಿದ ವಿಜ್ಞಾನಿಯ ಹೆಸರು. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲೂ ಸಿನಿಮಾದಲ್ಲೂ ಆ ಜೀವಿಗೆ ಹೆಸರೇ ಇಲ್ಲ. ಹೆಸರಿಡುವಷ್ಟು ಪ್ರೀತಿಯೂ ಅವನಿಗೆ ಸಿಗಲಿಲ್ಲ.

ಆ ಪಾತ್ರ ಅವರಿಗೆ ಸಿಕ್ಕಿದ್ದು ಹೇಗೆ? ಮೇಕಪ್ ಅಷ್ಟು ಕಷ್ಟದ್ದಾ?

ಯೂನಿವರ್ಸಲ್ ಸ್ಟುಡಿಯೊದ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ನಿರ್ದೇಶಕ ಜೇಮ್ಸ್ ವೇಲ್ ಅವರ ಕಣ್ಣಿಗೆ ಬಿದ್ದರು. ವೇಲ್ ಅವರಿಗೆ ಮುಖದ ಆಕಾರ ಹಿಡಿಸಿತು. ಕಾರ್ಲಾಫ್ ಅವರಿಗೆ ಆಗ 43 ವರ್ಷ.

ಮೇಕಪ್ ಮಾಡಿದ್ದು ಜ್ಯಾಕ್ ಪಿಯರ್ಸ್. ದಿನಾ ಬೆಳಗ್ಗೆ ಸುಮಾರು ನಾಲ್ಕು ಗಂಟೆ ಕೂರಬೇಕು. ಬಟ್ಟೆ, ಅಂಟು, ಹಸಿರು ಮಿಶ್ರಿತ ಬೂದು ಬಣ್ಣ, ಭಾರದ ಬೂಟು. ಕಾರ್ಲಾಫ್ ಬಾಯಿಯೊಳಗಿನ ಕಟ್ಟಿಸಿದ ಹಲ್ಲು ತೆಗೆದಿಟ್ಟರು, ಒಂದು ಕೆನ್ನೆ ಒಳಕ್ಕೆ ಹೋಯಿತು. ಕಣ್ಣು ತುಂಬಾ ಚುರುಕಾಗಿ ಕಾಣುತ್ತದೆ, ರೆಪ್ಪೆ ಭಾರವಾಗಲಿ ಎಂದು ಹೇಳಿದವರೂ ಅವರೇ. ಅದಕ್ಕೇ ರೆಪ್ಪೆಗೆ ಮೇಣ ಹಚ್ಚಿದರು. ಅಷ್ಟನ್ನೂ ಹೊತ್ತುಕೊಂಡು ಮಧ್ಯೆ ಬಿಡುವು ಸಿಕ್ಕಾಗ ಟೀ ಕುಡಿಯುತ್ತಾ, ಸಿಗರೇಟು ಸೇದುತ್ತಾ ಕೂತಿರುವ ಫೋಟೊಗಳಿವೆ. ರಾಕ್ಷಸನ ಕೈಯಲ್ಲಿ ಟೀ ಕಪ್ಪು ನೋಡಿದರೆ ಆ ಮನುಷ್ಯನ ಸ್ವಭಾವ ಅರ್ಧ ಅರ್ಥವಾಗುತ್ತದೆ.

ಚಿತ್ರದ ಕೊನೆಯಲ್ಲಿ ವಿಜ್ಞಾನಿಯ ಪಾತ್ರಧಾರಿ ಕಾಲಿನ್ ಕ್ಲೈವ್ ಅವರನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುವ ದೃಶ್ಯವಿದೆ. ಅದನ್ನು ಮತ್ತೆ ಮತ್ತೆ ತೆಗೆದರು. ಅಲ್ಲಿ ಹಿಡಿದ ಬೆನ್ನುನೋವು ಬದುಕಿಡೀ ಬಿಡಲಿಲ್ಲ. ಇಷ್ಟಾದ ಮೇಲೆ ಸಿನಿಮಾದ ಶುರುವಿನಲ್ಲಿ ಪಾತ್ರದ ಎದುರು ಅವರ ಹೆಸರಿಲ್ಲ, ಬರೀ ಪ್ರಶ್ನೆ ಚಿಹ್ನೆ. ಮೊದಲ ಪ್ರದರ್ಶನಕ್ಕೆ ಕರೆಯಲೂ ಇಲ್ಲ. ಇದರ ಬಗ್ಗೆ ಅವರು ಕಹಿಯಾಗಿ ಮಾತಾಡಲಿಲ್ಲ. ಆ ಪಾತ್ರವನ್ನು ತನ್ನ ಅತ್ಯುತ್ತಮ ಗೆಳೆಯ ಎಂದೇ ಕರೆಯುತ್ತಿದ್ದರು.

ಮಕ್ಕಳು ಅವರನ್ನು ನೋಡಿ ಹೆದರುತ್ತಿರಲಿಲ್ಲವಾ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಚಿಕ್ಕ ಉತ್ತರ: ಇಲ್ಲ.

ಕೆರೆಯ ದಡದ ದೃಶ್ಯ ನೆನಪಿಸಿಕೊಳ್ಳಿ. ಪುಟ್ಟ ಹುಡುಗಿ ಮರಿಯಾ ಒಬ್ಬಳೇ ಕೂತಿದ್ದಾಳೆ. ಪೊದೆಯಿಂದ ಈ ಜೀವಿ ಬರುತ್ತದೆ. ಅವಳು ಓಡುವುದಿಲ್ಲ. ಕೈ ಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ, ತನ್ನ ಹೂಗಳಲ್ಲಿ ಕೆಲವನ್ನು ಕೊಡುತ್ತಾಳೆ. ಅವನು ಹೂವನ್ನು ಮೂಸುತ್ತಾನೆ. ಇಬ್ಬರೂ ಒಂದೊಂದಾಗಿ ನೀರಿಗೆ ಎಸೆಯುತ್ತಾರೆ, ಹೂ ತೇಲುತ್ತದೆ, ಅವನು ನಗುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಖುಷಿಯಾಗಿರುವುದು ಆ ಒಂದೇ ಕಡೆ. ಹೂ ಮುಗಿದು ಖಾಲಿ ಕೈ ನೋಡಿಕೊಳ್ಳುತ್ತಾನೆ. ಹುಡುಗಿಯೂ ಹೂವಿನಂತೆ ತೇಲುತ್ತಾಳೆ ಅಂದುಕೊಂಡು ಅವಳನ್ನು ಎತ್ತಿ ಎಸೆದುಬಿಡುತ್ತಾನೆ.

ಈ ಎಸೆಯುವುದು ಕಾರ್ಲಾಫ್ ಅವರಿಗೆ ಬೇಡವಾಗಿತ್ತು. ಹೂವನ್ನು ಬಿಟ್ಟಷ್ಟೇ ಮೆಲ್ಲಗೆ ಹುಡುಗಿಯನ್ನು ನೀರಿನ ಮೇಲೆ ಇಡಬೇಕು ಎಂದು ವಾದಿಸಿದರು. ವೇಲ್ ಒಪ್ಪಲಿಲ್ಲ. ಮುಂದೆ ಸೆನ್ಸಾರ್ ಆ ತುಣುಕನ್ನೇ ಕತ್ತರಿಸಿತು, ಪೂರ್ತಿ ದೃಶ್ಯ ಜನರಿಗೆ ಮತ್ತೆ ಸಿಕ್ಕಿದ್ದು 1980ರ ದಶಕದಲ್ಲಿ. ಕತ್ತರಿಸಿದ್ದರಿಂದ ಕೆಟ್ಟದ್ದೇ ಆಯಿತು. ಅವನು ಕೈ ಚಾಚುವಲ್ಲಿಗೆ ನಿಂತು, ಮುಂದೆ ತಂದೆ ಮಗುವಿನ ಶವ ಹೊತ್ತು ಬರುವುದು ಕಂಡರೆ ನೋಡುವವರು ಇನ್ನೇನೋ ಘೋರವಾದದ್ದನ್ನು ಊಹಿಸಿಕೊಳ್ಳುತ್ತಾರೆ, ಅಲ್ವಾ?

ಹುಡುಗಿಯ ಪಾತ್ರ ಮಾಡಿದ್ದು ಮೆರಿಲಿನ್ ಹ್ಯಾರಿಸ್. ಶೂಟಿಂಗ್ ಜಾಗಕ್ಕೆ ಹೊರಡುವ ದಿನ, ಪೂರ್ತಿ ಮೇಕಪ್‌ನಲ್ಲಿದ್ದ ಕಾರ್ಲಾಫ್ ಅವರ ಕೈ ಹಿಡಿದು, ನಿಮ್ಮ ಕಾರಿನಲ್ಲೇ ಬರುತ್ತೇನೆ ಎಂದು ಹಟ ಹಿಡಿದಳಂತೆ. ದಾರಿಯುದ್ದಕ್ಕೂ ಇಬ್ಬರೂ ಹರಟುತ್ತಾ ಹೋದರಂತೆ.

ಸಿನಿಮಾ ಬಂದ ಮೇಲೆ ಮಕ್ಕಳಿಂದ ಕಾಗದಗಳು ಬರತೊಡಗಿದವು. ಆ ರಾಕ್ಷಸ ಪಾಪ, ಅವನನ್ನು ಯಾಕೆ ಹಾಗೆ ಹಿಂಸೆ ಮಾಡಿದರು ಎಂದು ಮಕ್ಕಳು ಬರೆಯುತ್ತಿದ್ದರು. ದೊಡ್ಡವರಿಗಿಂತ ಮಕ್ಕಳೇ ಪಾತ್ರವನ್ನು ಸರಿಯಾಗಿ ಅರ್ಥ ಮಾಡಿಕೊಂಡರು ಎಂದು ಕಾರ್ಲಾಫ್ ಹೋದಲ್ಲೆಲ್ಲ ಹೇಳುತ್ತಿದ್ದರು. ತಮಗೆ ಸಿಕ್ಕ ದೊಡ್ಡ ಮೆಚ್ಚುಗೆ ಅದು ಅಂತ ಅವರ ಭಾವನೆ.

ಸುಮ್ನೆ ಒಳ್ಳೆಯವರು ಅನ್ನುತ್ತಾರೋ, ಅಥವಾ ನಿಜವಾಗಿಯೂ ಹಾಗಿದ್ದರೋ?

ಸತ್ತವರನ್ನು ಹೊಗಳುವುದು ಸುಲಭ, ಹಾಗಾಗಿ ಕೇಳುವುದು ನ್ಯಾಯವೇ. ನಾನು ನೋಡುವುದು ಅವರು ಮಾಡಿದ ಕೆಲಸಗಳನ್ನು.

‘ಫ್ರಾಂಕನ್‌ಸ್ಟೈನ್’ ಶೂಟಿಂಗ್‌ನಲ್ಲಿ ಒಮ್ಮೆ ಒಂದೇ ಸಮ 25 ಗಂಟೆ ಕೆಲಸ ಮಾಡಿಸಿದ್ದರು. ಆಗ ನಟರಿಗೆ ಕೆಲಸದ ವೇಳೆ, ಊಟದ ಬಿಡುವು, ಓವರ್‌ಟೈಂ ಯಾವುದಕ್ಕೂ ನಿಯಮವಿರಲಿಲ್ಲ. 1933ರಲ್ಲಿ ನಟರ ಸಂಘ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಶುರುವಾದಾಗ ಕಟ್ಟಿದವರಲ್ಲಿ ಕಾರ್ಲಾಫ್ ಒಬ್ಬರು. ಅವರ ಸದಸ್ಯತ್ವದ ಸಂಖ್ಯೆ 9. ಸ್ಟುಡಿಯೊ ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುವ ಕಾಲ ಅದು. ಮೊದಮೊದಲು ಸಭೆಗಳೂ ಗುಟ್ಟಾಗಿ ನಡೆಯುತ್ತಿದ್ದವು. ಆ ಹೊತ್ತಿಗೆ ಕಾರ್ಲಾಫ್ ದೊಡ್ಡ ಸ್ಟಾರ್. ಅವರಿಗೆ ಅದರಿಂದ ಹೊಸದಾಗಿ ಬರಬೇಕಾದದ್ದು ಏನೂ ಇರಲಿಲ್ಲ, ಕಳೆದುಕೊಳ್ಳುವುದು ಇತ್ತು. ದಿನಗೂಲಿಯ ಸಣ್ಣ ನಟರಿಗೆ ಬೇಕಿತ್ತು, ಅದಕ್ಕೇ ನಿಂತರು. ಆಮೇಲೂ ವರ್ಷಗಟ್ಟಲೆ ಸಂಘದ ಆಡಳಿತ ಮಂಡಳಿಯಲ್ಲಿ ದುಡಿದರು.

ಮೆತ್ತಗೆ ಮಾತಾಡುವವರನ್ನು ನಾವು ಬೇಗ ಪುಕ್ಕಲರು ಅಂದುಕೊಳ್ಳುತ್ತೇವೆ. ಇವರು ದನಿ ಎತ್ತದೆಯೇ ದೊಡ್ಡ ಸ್ಟುಡಿಯೊಗಳ ಎದುರು ನಿಂತವರು. ಅವರ ಸೌಮ್ಯತನದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇದನ್ನು ಓದಿದ ಮೇಲೆ.

ಎರಡನೇ ಮಹಾಯುದ್ಧದಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ವೈಮಾನಿಕ ದಾಳಿಯ ಕಾವಲು ಸ್ವಯಂಸೇವಕರಾಗಿದ್ದರು. 1945ರಲ್ಲಿ ಪೆಸಿಫಿಕ್ ದ್ವೀಪಗಳ ಸೇನಾ ನೆಲೆಗಳಿಗೆ ಹೋಗಿ ಸೈನಿಕರಿಗಾಗಿ ನಾಟಕ ಆಡಿದರು.

ಮನೆಯಲ್ಲಿ ಹೇಗಿರುತ್ತಿದ್ದರು?

ಲಾಸ್ ಏಂಜಲೀಸ್‌ನ ಕೋಲ್ಡ್‌ವಾಟರ್ ಕಣಿವೆಯಲ್ಲಿ ಗುಡ್ಡಕ್ಕೆ ಅಂಟಿದಂತೆ ಅವರ ತೋಟದ ಮನೆ ಇತ್ತು. ಶೂಟಿಂಗ್ ಇಲ್ಲದ ದಿನ ಮಣ್ಣಿನಲ್ಲೇ ಇರುತ್ತಿದ್ದರು. ಗುಲಾಬಿ ಎಂದರೆ ಪ್ರಾಣ. ನಾಯಿಗಳಿದ್ದವು, ಕೋಳಿ ಬಾತುಗಳಿದ್ದವು, ವಯೊಲೆಟ್ ಎಂಬ ಹೆಸರಿನ ಹಂದಿ ಇತ್ತು. ಮರಿಯಾಗಿ ಬಂದದ್ದು ಬೆಳೆದು ಬೆಳೆದು ಭಾರೀ ಗಾತ್ರವಾಯಿತು. ಅದರ ಪಕ್ಕ ಕೂತು ನಗುವ ಕಾರ್ಲಾಫ್ ಅವರ ಫೋಟೊ ಈಗಲೂ ಓಡಾಡುತ್ತಿರುತ್ತದೆ.

ಸಂಜೆ ಓದು. ಜೋಸೆಫ್ ಕಾನ್ರಾಡ್ ಅವರ ಸಮುದ್ರದ ಕಥೆಗಳೆಂದರೆ ತುಂಬಾ ಇಷ್ಟ. ಪಾರ್ಟಿಗಳ ಗೊಡವೆ ಕಡಿಮೆ. ಮನೆಯಲ್ಲಿ ಸಿನಿಮಾದ ಮಾತು ಇನ್ನೂ ಕಡಿಮೆ ಎಂದು ಮಗಳು ಹೇಳಿದ್ದಾರೆ.

ಮಗಳ ಬಗ್ಗೆ ಹೇಳಿ.

ಸಾರಾ ಹುಟ್ಟಿದ್ದು 1938ರ ನವೆಂಬರ್ 23ರಂದು. ತಾರೀಕು ನೋಡಿ, ಅಪ್ಪನ 51ನೇ ಹುಟ್ಟುಹಬ್ಬದ ದಿನವೇ ಮಗಳೂ ಬಂದಳು. ಆಗ ಮೂರನೇ ಸಲ ಆ ರಾಕ್ಷಸನ ಪಾತ್ರ ಮಾಡುತ್ತಿದ್ದರು. ಸೆಟ್ಟಿನಲ್ಲಿ ಕೇಕು ತಂದು ಹುಟ್ಟುಹಬ್ಬ ಮಾಡಿದರು, ಮೇಕಪ್‌ನಲ್ಲೇ ಕೇಕ್ ಕತ್ತರಿಸಿದರು. ಹಾಗೇ ಅದೇ ವೇಷದಲ್ಲಿ ಆಸ್ಪತ್ರೆಗೆ ಓಡಿದರು ಎಂಬ ಕಥೆಯೂ ಜನರ ಬಾಯಲ್ಲಿದೆ.

ಅಪ್ಪ ತೀರಿಕೊಂಡ ಮೇಲೆ ಅವರ ಹೆಸರು ಉಳಿಸುವ ಕೆಲಸವನ್ನು ಸಾರಾ ಅವರೇ ಹೊತ್ತುಕೊಂಡರು. ಹಳೇ ಹಾರರ್ ನಟರ ಅಂಚೆ ಚೀಟಿ ತರಬೇಕು ಎಂದು ಉಳಿದ ನಟರ ಮಕ್ಕಳ ಜೊತೆ ಸೇರಿ ಅಮೆರಿಕದ ಅಂಚೆ ಇಲಾಖೆಯ ಬೆನ್ನು ಬಿದ್ದರು. 1997ರಲ್ಲಿ 32 ಸೆಂಟಿನ ಚೀಟಿಗಳು ಬಂದವು. ಐದು ಚೀಟಿಗಳಲ್ಲಿ ಎರಡು ಕಾರ್ಲಾಫ್ ಅವರದ್ದೇ: ಒಂದು ಫ್ರಾಂಕನ್‌ಸ್ಟೈನ್‌ನ ಜೀವಿ, ಇನ್ನೊಂದು 1932ರ ‘ದಿ ಮಮ್ಮಿ’ ಚಿತ್ರದ ಪಾತ್ರ.

ಮದುವೆಗಳು ತುಂಬಾ ಆಗಿದ್ದವಂತೆ?

ಹೌದು. ಒಳ್ಳೆಯ ಮನುಷ್ಯ ಅಂದಮೇಲೆ ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಕೆನಡಾದ ಅಲೆದಾಟದ ದಿನಗಳಿಂದ ಹಿಡಿದು ಹಲವು ಮದುವೆಗಳಾದವು, ಮುರಿದವು. ಸಾರಾ ಅವರ ತಾಯಿ ಡೊರೊತಿ ಸ್ಟೈನ್ ಜೊತೆಗಿನ ಸಂಸಾರ 1930ರಿಂದ 1946ರವರೆಗೆ ನಡೆಯಿತು. ಆ ವರ್ಷವೇ ಈವ್ಲಿನ್ ಹೆಲ್ಮೋರ್ ಅವರನ್ನು ಮದುವೆಯಾದರು. ಈವ್ಲಿನ್ ಕೊನೇ ಉಸಿರಿನವರೆಗೂ ಜೊತೆಗಿದ್ದರು. ಹಿಂದಿನ ಹೆಂಡತಿಯರ ಬಗ್ಗೆ ಕಾರ್ಲಾಫ್ ಸಾರ್ವಜನಿಕವಾಗಿ ಒಂದು ಮಾತೂ ಆಡಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಖಾಸಗಿ ಬದುಕು ಖಾಸಗಿಯಾಗಿಯೇ ಇರಬೇಕು ಅನ್ನುವ ಜಾತಿಯವರು. 1957ರಲ್ಲಿ ಒಂದು ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ಮೊದಲೇ ತಿಳಿಸದೆ ಅವರ ಬದುಕಿನ ಕಥೆಯನ್ನೇ ತೆರೆದಿಟ್ಟರು. ಬಂದ ಹಳೇ ಪರಿಚಯದವರನ್ನು ಪ್ರೀತಿಯಿಂದ ಮಾತಾಡಿಸಿದರು, ಆದರೆ ಮುಖದಲ್ಲಿ ಮುಜುಗರ ಎದ್ದು ಕಾಣುತ್ತದೆ.

ಅಣ್ಣಂದಿರು ಆಮೇಲೆ ಒಪ್ಪಿಕೊಂಡರಾ?

ಈ ಪ್ರಸಂಗ ನನಗೆ ತುಂಬಾ ಇಷ್ಟ. 1909ರಲ್ಲಿ ಮನೆ ಬಿಟ್ಟ ಹುಡುಗ ‘ದಿ ಗೂಲ್’ ಚಿತ್ರಕ್ಕಾಗಿ ಲಂಡನ್ನಿಗೆ ಮರಳಿದ್ದು 1933ರಲ್ಲಿ. ಅಷ್ಟೊತ್ತಿಗೆ ಅಣ್ಣಂದಿರು ಗಂಭೀರ ಅಧಿಕಾರಿಗಳು. ಚೀನಾದಲ್ಲಿ ರಾಯಭಾರ ಕೆಲಸ ಮಾಡಿದ ಜಾನ್ ಪ್ರ್ಯಾಟ್ ಅವರಿಗೆ ಸರ್ ಬಿರುದು ಬೇರೆ. ತಮ್ಮ ನೋಡಿದರೆ ಭೂತದ ವೇಷ ಹಾಕಿ ಹೆಸರು ಮಾಡಿದವನು. ಮರ್ಯಾದೆ ಕಳೆದ ಅನ್ನುತ್ತಾರೇನೋ ಎಂದು ಕಾರ್ಲಾಫ್ ಅಳುಕುತ್ತಲೇ ಹೋದರು. ಪತ್ರಿಕೆಯವರು ಎಲ್ಲರನ್ನೂ ಸೇರಿಸಿ ಫೋಟೊ ತೆಗೆಯೋಣ ಅಂದಾಗ ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಕೇಳಿದ್ದೇ ತಡ, ಅಣ್ಣಂದಿರು ಯಾರು ಎಲ್ಲಿ ನಿಲ್ಲಬೇಕು ಎಂದು ತಳ್ಳಾಡತೊಡಗಿದರು! ಮೂಗು ಮುರಿದ ಮನೆ ಕಡೆಗೆ ಹೆಮ್ಮೆಪಟ್ಟಿತು. ನಾಟಕ, ಸಿನಿಮಾ ಅಂತ ಊರು ಬಿಟ್ಟ ಎಷ್ಟೋ ಮಕ್ಕಳಿಗೆ ಅಂಥ ದಿನ ಬರುವುದೇ ಇಲ್ಲ.

ಉಗ್ಗು ಇತ್ತಂತೆ, ಹಾಗಿದ್ದರೆ ಆ ದನಿ ಹೇಗೆ ಬಂತು?

ಚಿಕ್ಕಂದಿನಲ್ಲಿ ಮೂರು ಕಷ್ಟಗಳಿದ್ದವು: ಉಗ್ಗು, ಸೊಟ್ಟ ಕಾಲು, ಮತ್ತು ‘ಸ’ ಸ್ಪಷ್ಟವಾಗಿ ಬಾರದ ನಾಲಿಗೆ. ಉಗ್ಗನ್ನು ಪಟ್ಟುಹಿಡಿದು ಹತೋಟಿಗೆ ತಂದರು. ‘ಸ’ ಕೊನೆಯವರೆಗೂ ಹಾಗೇ ಉಳಿಯಿತು, ಅವರ ದನಿಗೆ ಅದೇ ಒಂದು ಸೊಗಸಾಯಿತು.

ಉಗ್ಗು ಪೂರ್ತಿ ಹೋಗಿರಲಿಲ್ಲ ಅನ್ನುವುದು 1941ರಲ್ಲಿ ಗೊತ್ತಾಯಿತು. ಮೊದಲ ಸಲ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂಚ ಹತ್ತಬೇಕಿತ್ತು. ರಿಹರ್ಸಲ್‌ನಲ್ಲಿ ಗಾಬರಿಗೆ ಮಾತೇ ಸಿಕ್ಕಿಕೊಳ್ಳತೊಡಗಿತು. ಬಿಟ್ಟು ಹೋಗಿಬಿಡೋಣ ಅನ್ನುವಷ್ಟು ಕಂಗೆಟ್ಟರು. ಬಿಡಲಿಲ್ಲ. ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಎಂಬ ಆ ನಾಟಕ ಭರ್ಜರಿಯಾಗಿ ಓಡಿತು. ಅದರಲ್ಲಿ ಅವರದ್ದು ಕೊಲೆಗಾರನ ಪಾತ್ರ. ಯಾರಾದರೂ ಅವನಿಗೆ ನೀನು ಬೋರಿಸ್ ಕಾರ್ಲಾಫ್ ಥರ ಕಾಣುತ್ತೀಯ ಅಂದರೆ ಸಾಕು, ಅವನಿಗೆ ಸಿಟ್ಟು ನೆತ್ತಿಗೇರುತ್ತದೆ. ಆ ತಮಾಷೆಯನ್ನು ಅವರು ಮನಸಾರೆ ಆಡಿದರು.

ಮುಂದೆ 1955ರಲ್ಲಿ ‘ದಿ ಲಾರ್ಕ್’ ನಾಟಕದಲ್ಲಿ ಮಾಡಿದ ಬಿಷಪ್ ಪಾತ್ರಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಯ ನಾಮನಿರ್ದೇಶನ ಬಂತು. ಆಸ್ಕರ್ ಕಡೆಯಿಂದ ಒಮ್ಮೆಯೂ ನಾಮನಿರ್ದೇಶನ ಬರಲಿಲ್ಲ. ಅದು ಆಸ್ಕರ್‌ನವರ ಸೋಲು ಅಂತಲೇ ನನ್ನ ಅಭಿಪ್ರಾಯ.

ಮಕ್ಕಳಿಗಾಗಿ ಏನೇನು ಮಾಡಿದರು?

1950ರಲ್ಲಿ ಬ್ರಾಡ್‌ವೇಯ ‘ಪೀಟರ್ ಪ್ಯಾನ್’ ನಾಟಕದಲ್ಲಿ ಕೈಯ ಜಾಗದಲ್ಲಿ ಕೊಕ್ಕೆಯಿರುವ ಕಡಲುಗಳ್ಳ ಕ್ಯಾಪ್ಟನ್ ಹುಕ್ ಆದರು. ನಾಟಕ ಮುಗಿದ ಮೇಲೆ ಮಕ್ಕಳು ಮೇಕಪ್ ಕೋಣೆಗೆ ಬರುತ್ತಿದ್ದರು. ಕೈಗೆ ಹಾಕುವ ಆ ಕೊಕ್ಕೆಯನ್ನು ಮಕ್ಕಳಿಗೇ ತೊಡಿಸಿ ಕನ್ನಡಿ ಮುಂದೆ ನಿಲ್ಲಿಸುತ್ತಿದ್ದರಂತೆ. ನಿಂತ ತಕ್ಷಣ ಪ್ರತಿ ಮಗುವೂ ಹುಬ್ಬು ಗಂಟಿಕ್ಕಿ ಕೆಟ್ಟ ಮುಖ ಮಾಡುತ್ತದೆ, ಅದನ್ನು ನೋಡುವುದೇ ಅವರಿಗೆ ಖುಷಿ.

ಅದೇ ಸುಮಾರಿಗೆ ನ್ಯೂಯಾರ್ಕ್ ರೇಡಿಯೊದಲ್ಲಿ ವಾರಕ್ಕೊಮ್ಮೆ ಮಕ್ಕಳ ಕಾರ್ಯಕ್ರಮ ನಡೆಸಿದರು: ಕಥೆ, ಪದ್ಯ, ಒಗಟು. ಗ್ರಾಮಫೋನ್ ತಟ್ಟೆಗಳಲ್ಲಿ ಕಿಪ್ಲಿಂಗ್ ಅವರ ಪ್ರಾಣಿಕಥೆಗಳನ್ನು ಓದಿದರು. 1966ರ ಡಿಸೆಂಬರ್ 18ರಂದು ಅಮೆರಿಕದ ಟಿವಿಯಲ್ಲಿ ‘ಗ್ರಿಂಚ್’ ಕಾರ್ಟೂನ್ ಬಂತು. ಕಥೆ ಹೇಳುವ ದನಿಯೂ ಅವರದ್ದೇ, ಕ್ರಿಸ್ಮಸ್ ಕದಿಯುವ ಆ ಸಿಡುಕನ ದನಿಯೂ ಅವರದ್ದೇ. ಆಗ 79 ವರ್ಷ. ಅದರ ತಟ್ಟೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. (ಅದರಲ್ಲಿನ ಹಾಡು ಮಾತ್ರ ಅವರದ್ದಲ್ಲ, ಹಾಡಿದ್ದು ಥರ್ಲ್ ರೇವನ್ಸ್‌ಕ್ರಾಫ್ಟ್. ಇದನ್ನು ತುಂಬಾ ಜನ ತಪ್ಪಾಗಿ ತಿಳಿದಿದ್ದಾರೆ.)

ಬೆಲಾ ಲುಗೋಸಿ ಅವರ ಜೊತೆ ಜಗಳ ಇತ್ತಾ?

ದ್ವೇಷ ಇರಲಿಲ್ಲ. ಡ್ರಾಕುಲಾ ಪಾತ್ರದಿಂದ ಹೆಸರಾದ ಲುಗೋಸಿ ಅವರಿಗೂ ಇವರಿಗೂ ಸ್ಪರ್ಧೆ ಇತ್ತು ಎಂದು ಸಿನಿಮಾದವರೇ ಪ್ರಚಾರ ಮಾಡಿದರು. 1934ರಿಂದ 1945ರವರೆಗೆ ಇಬ್ಬರೂ ಎಂಟು ಚಿತ್ರಗಳಲ್ಲಿ ಜೊತೆಯಾದರು. ಆಪ್ತ ಗೆಳೆಯರಾಗಿರಲಿಲ್ಲ, ಅಷ್ಟೇ. ಲುಗೋಸಿ ಅವರ ಕಷ್ಟದ ಬದುಕಿನ ಬಗ್ಗೆ ಕಾರ್ಲಾಫ್ ಮರುಕದಿಂದಲೇ ಮಾತಾಡಿದ್ದಾರೆ.

ಕ್ರಿಕೆಟ್ ಆಡುತ್ತಿದ್ದರು ಅನ್ನುವುದು ನಿಜವಾ?

ನಿಜ. ಇಂಗ್ಲೆಂಡಿನಿಂದ ಹೋಗಿ ನೆಲೆಸಿದ ನಟರು 1932ರಲ್ಲಿ ಹಾಲಿವುಡ್ ಕ್ರಿಕೆಟ್ ಕ್ಲಬ್ ಕಟ್ಟಿದರು. ಅದರ ಮುಂದಾಳು ನಟ ಆಬ್ರಿ ಸ್ಮಿತ್. ಅವರು ಆಡಿದ್ದು ಒಂದೇ ಟೆಸ್ಟ್, 1889ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, ಅದರಲ್ಲೇ ಇಂಗ್ಲೆಂಡಿನ ನಾಯಕ! ಆ ಕ್ಲಬ್ಬಿನಲ್ಲಿ ಕಾರ್ಲಾಫ್ ಬಿಳಿ ಉಡುಪು ತೊಟ್ಟು ಆಡುತ್ತಿದ್ದರು. ಇಂಗ್ಲೆಂಡಿಗೆ ಹೋದಾಗಲೆಲ್ಲ ಮ್ಯಾಚ್ ನೋಡುವುದು ಬಿಡುತ್ತಿರಲಿಲ್ಲ.

ಏಷ್ಯಾದವರನ್ನು ಕೆಟ್ಟದಾಗಿ ತೋರಿಸುವ ಪಾತ್ರಗಳನ್ನೂ ಮಾಡಿದ್ದಾರಲ್ಲ?

ಮಾಡಿದ್ದಾರೆ. 1932ರ ಚೀನೀ ಖಳನಾಯಕ ಫು ಮಾಂಚು ಪಾತ್ರವನ್ನು ಇವತ್ತು ನೋಡಿದರೆ ಮನಸ್ಸಿಗೆ ಹಿಂಸೆಯಾಗುತ್ತದೆ. ಚೀನಾದವರೆಂದರೆ ಕ್ರೂರಿಗಳು ಅನ್ನುವ ಭಯವನ್ನು ಮಾರಿದ ಚಿತ್ರ ಅದು. ಮುಂದೆ ಚೀನೀ ಪತ್ತೇದಾರನ ಪಾತ್ರವನ್ನೂ ಮೇಕಪ್ ಹಾಕಿಕೊಂಡು ಮಾಡಿದರು, ಅದು ಒಳ್ಳೆಯ ಪಾತ್ರವಾದರೂ ಚೀನೀ ನಟನಿಗೆ ಸಿಗಬೇಕಿದ್ದ ಕೆಲಸ. ಭಾರತೀಯ ರಕ್ತವಿದ್ದ, ಅದನ್ನು ಹೇಳಿಕೊಳ್ಳಲಾಗದ ಮನುಷ್ಯನೇ ಈ ವೇಷಗಳನ್ನು ಹಾಕಬೇಕಾಗಿ ಬಂದದ್ದು ನೋವಿನ ಸಂಗತಿ. ಅವರ ಮೇಲಿನ ಪ್ರೀತಿಗೆ ಇದನ್ನು ಮರೆಯಬೇಕಿಲ್ಲ.

ಕೊನೆಯ ದಿನಗಳು ಹೇಗಿದ್ದವು?

1959ರಲ್ಲಿ ಈವ್ಲಿನ್ ಜೊತೆ ಇಂಗ್ಲೆಂಡಿಗೆ ಮರಳಿದರು. ಲಂಡನ್ನಿನಲ್ಲಿ ಒಂದು ಫ್ಲ್ಯಾಟು, ಹ್ಯಾಂಪ್‌ಷೈರ್‌ನ ಬ್ರಾಮ್‌ಶಾಟ್ ಹಳ್ಳಿಯಲ್ಲಿ ಒಂದು ಪುಟ್ಟ ಮನೆ. ಆದರೆ ಕೆಲಸ ನಿಲ್ಲಲಿಲ್ಲ. ಶ್ವಾಸಕೋಶ ಹಾಳಾಗಿತ್ತು, ಮಂಡಿ ಕೈಕೊಟ್ಟಿತ್ತು, ಕಾಲಿಗೆ ಕಬ್ಬಿಣದ ಪಟ್ಟಿ. ಗಾಲಿಕುರ್ಚಿಯಲ್ಲಿ ಕೂತು ಆಕ್ಸಿಜನ್ ತೆಗೆದುಕೊಂಡು, ಕ್ಯಾಮೆರಾ ಸಿದ್ಧ ಅಂದ ತಕ್ಷಣ ಎದ್ದು ನಿಲ್ಲುತ್ತಿದ್ದರು.

1968ರಲ್ಲಿ ತೆರೆಕಂಡ ‘ಟಾರ್ಗೆಟ್ಸ್’ ನೋಡಿ. ನಿರ್ದೇಶಕ ಪೀಟರ್ ಬೊಗ್ಡಾನೊವಿಚ್ ಅವರಿಗೆ ಅದು ಮೊದಲ ದೊಡ್ಡ ಚಿತ್ರ. ಕಾರ್ಲಾಫ್ ಅವರದ್ದು ನಿವೃತ್ತನಾಗಲು ಹೊರಟ ಹಾರರ್ ನಟನ ಪಾತ್ರ. ಅದರಲ್ಲಿ ಸಾವಿನ ಬಗ್ಗೆ ಒಂದು ಹಳೇ ಅರಬ್ ಕಥೆ ಹೇಳುತ್ತಾರೆ. ಸಾವಿನಿಂದ ತಪ್ಪಿಸಿಕೊಳ್ಳಲು ಸಮಾರಾ ಎಂಬ ಊರಿಗೆ ಓಡಿದ ಆಳು, ಅಲ್ಲೇ ಸಾವು ಅವನಿಗಾಗಿ ಕಾದಿತ್ತು ಅನ್ನುವ ಕಥೆ. ಕ್ಯಾಮೆರಾ ಮೆಲ್ಲಗೆ ಹತ್ತಿರ ಬರುತ್ತದೆ, ಮಧ್ಯೆ ಕತ್ತರಿಯಿಲ್ಲ. ಒಂದೇ ಟೇಕಿನಲ್ಲಿ ಮುಗಿಸಿದರು. ಸೆಟ್ಟಿನಲ್ಲಿದ್ದ ಕೆಲಸಗಾರರೆಲ್ಲ ಚಪ್ಪಾಳೆ ತಟ್ಟಿದರು.

1969ರ ಫೆಬ್ರವರಿ 2ರಂದು ಸಸೆಕ್ಸ್‌ನ ಮಿಡ್‌ಹರ್ಸ್ಟ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. 81 ವರ್ಷ.

ಅವರ ಆತ್ಮಕಥೆ ಇದೆಯಾ?

ಇಲ್ಲ. ಬದುಕನ್ನು ಮಾರುಕಟ್ಟೆಗೆ ಇಡುವ ಮನಸ್ಸು ಇರಲಿಲ್ಲ. ಮನೆಯ ಗೆಳತಿ ಸಿಂಥಿಯಾ ಲಿಂಡ್ಸೆ 1975ರಲ್ಲಿ ಒಂದು ಆಪ್ತ ಜೀವನಚರಿತ್ರೆ ಬರೆದರು. ತೋಟ, ಹಂದಿ, ಕ್ರಿಕೆಟ್ ಇವೆಲ್ಲ ಇಷ್ಟವಾದವರಿಗೆ ಅದು ಹಿಡಿಸುತ್ತದೆ.

ಲಂಡನ್ನಿಗೆ ಹೋದರೆ ನೋಡಲು ಏನಿದೆ?

ಹುಟ್ಟಿದ ಮನೆಗೆ, ಅಂದರೆ 36, ಫಾರೆಸ್ಟ್ ಹಿಲ್ ರಸ್ತೆಗೆ, ಪ್ರಸಿದ್ಧರು ಬದುಕಿದ ಮನೆಗಳಿಗೆ ಹಾಕುವ ನೀಲಿ ಫಲಕ ಹಾಕಿದ್ದಾರೆ. ಕೋವೆಂಟ್ ಗಾರ್ಡನ್‌ನ ಸೇಂಟ್ ಪಾಲ್ಸ್ ಚರ್ಚನ್ನು ನಟರ ಚರ್ಚ್ ಎಂದೇ ಕರೆಯುತ್ತಾರೆ, ಅಲ್ಲಿ ಅವರ ಹೆಸರಿನ ಫಲಕವಿದೆ. ಕವಿ ಆಂಡ್ರ್ಯೂ ಮಾರ್ವೆಲ್ ಅವರ ಎರಡು ಸಾಲು ಅದರ ಮೇಲಿದೆ, ಆ ವೇದಿಕೆಯ ಮೇಲೆ ಅವನು ಕೀಳಾದದ್ದು ಏನನ್ನೂ ಮಾಡಲಿಲ್ಲ ಎಂಬ ಅರ್ಥದ್ದು. ಮನೆ ಊರಿನ ದಕ್ಷಿಣಕ್ಕೆ, ಚರ್ಚು ನಡುಮಧ್ಯೆ. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು.

ಯಾವ ಸಿನಿಮಾದಿಂದ ಶುರು ಮಾಡಲಿ?

ಮನೆಯಲ್ಲಿ ಮಕ್ಕಳಿದ್ದರೆ ‘ಗ್ರಿಂಚ್’. ದೊಡ್ಡವರು 1931ರ ‘ಫ್ರಾಂಕನ್‌ಸ್ಟೈನ್’ ನೋಡಿ, ಸುಮಾರು 70 ನಿಮಿಷ ಅಷ್ಟೇ. ಮೇಲಿನ ಕಿಟಕಿ ತೆರೆದು ಮೊದಲ ಸಲ ಬೆಳಕು ಬಿದ್ದಾಗ ಅವನ ಎರಡು ಕೈಗಳನ್ನು ಗಮನಿಸಿ. ಬೆಳಕನ್ನು ಹಿಡಿಯಲು ಹೋಗುತ್ತಾನೆ. ಕಿಟಕಿ ಮುಚ್ಚಿದಾಗ ಅದೇ ಕೈಗಳನ್ನು ವಿಜ್ಞಾನಿಯ ಕಡೆ ಚಾಚಿ ಬೇಡುತ್ತಾನೆ. ಒಂದು ಮಾತಿಲ್ಲ. ಒಳಗೆ ಸೌಮ್ಯತನ ಇಲ್ಲದ ನಟನಿಗೆ ಅದು ಸಾಧ್ಯವಿರಲಿಲ್ಲ ಎಂದು ನಾನು ನಂಬಿದ್ದೇನೆ.

ಆಮೇಲೆ 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’. ಅದರಲ್ಲಿ ಕುರುಡ ಮುದುಕ ಅವನನ್ನು ಗುಡಿಸಿಲಿಗೆ ಕರೆದು ಊಟ ಹಾಕಿ ಮಾತು ಕಲಿಸುತ್ತಾನೆ. ರಾಕ್ಷಸ ಮಾತಾಡಬಾರದು ಎಂದು ಕಾರ್ಲಾಫ್ ವಾದ ಮಾಡಿದ್ದರು. ಅವರ ಮೇಲೆ ಎಷ್ಟೇ ಅಭಿಮಾನವಿದ್ದರೂ ಈ ಒಂದು ವಿಷಯದಲ್ಲಿ ನಾನು ನಿರ್ದೇಶಕರ ಪಕ್ಷ. ಆಮೇಲೆ 1945ರ ‘ದಿ ಬಾಡಿ ಸ್ನ್ಯಾಚರ್’, ಕೊನೆಗೆ ‘ಟಾರ್ಗೆಟ್ಸ್’. ಉಳಿದವನ್ನು ಯಾವ ಕ್ರಮದಲ್ಲಾದರೂ ನೋಡಿ.